ಮಾರಮ್ಮನ ಕಟ್ಟೆಯ ಉದ್ದನೆಯ ಹಾರ್ನು

ರಾಂಪುರದ ಹತ್ತಿರ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ ಒಂದು ಮಾರಮ್ಮನ ಕಟ್ಟೆಯಿದೆ. ಅಲ್ಲಿ ಹಾದುಹೋಗುವ ಡ್ರೈವರುಗಳೆಲ್ಲ ಉದ್ದನೆಯ ಹಾರ್ನ್ ಹೊಡೆದು ಅಮ್ಮನಿಗೆ ನಮಸ್ಕಾರ ಸಲ್ಲಿಸುತ್ತಾರೆ. ನಾನೂ ಸಲ್ಲಿಸುತ್ತೇನೆ. ವ್ಯತ್ಯಾಸ ಇಷ್ಟೇ, ಅವರ ಗಾಡಿಗಳು ಮುಂದೆ ಹೋಗುತ್ತವೆ, ನನ್ನದು ಅಲ್ಲೇ ಪ್ರಾಣ ಬಿಡುತ್ತದೆ.

ಗಾಡಿ ಎಂದರೆ ನಮ್ಮ ಹಳೆಯ ಡೀಸೆಲ್ ಪಿಕಪ್ಪು. ನನ್ನ ಗಂಡ ಮಾರುತಿ ಗಾಳಿಯಂತ್ರದ ಕಂಪನಿಯ ಕೆಲಸಕ್ಕೆ ಸೇರಿದ ಮೇಲೆ ಸ್ಟೇರಿಂಗ್ ನನ್ನ ಕೈಗೆ ಬಂತು. ಲೈಸೆನ್ಸು ಮಾಡಿಸಿಕೊಂಡು ನಮ್ಮೂರು ನನ್ನಿವಾಳದಿಂದ ಬಳ್ಳಾರಿಗೆ ಈರುಳ್ಳಿ ಲೋಡು ಹೊಡೆಯತೊಡಗಿದೆ. ಮೊದಲ ದಿನವೇ ಕಟ್ಟೆಯ ಮುಂದೆ ಎಂಜಿನ್ ಆಫ್. ತೆಂಗಿನಕಾಯಿ ಒಡೆದು, ಕೊಂಚ ಕಾದು ಕೀ ತಿರುಗಿಸಿದರೆ ಸ್ಟಾರ್ಟ್. ಮುಂದಿನ ಸಲವೂ ಹಾಗೇ, ಅದರ ಮುಂದಿನ ಸಲವೂ ಹಾಗೇ.

ಬ್ಯಾಟರಿ ಬದಲಾಯಿತು. ಡೀಸೆಲ್ ಫಿಲ್ಟರ್ ಬದಲಾಯಿತು. ಚಳ್ಳಕೆರೆಯ ಮೆಕ್ಯಾನಿಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆದ. ಅವನ ಗ್ಯಾರೇಜಿನಲ್ಲಿ ಗಾಡಿ ಗಂಟೆಗಟ್ಟಲೆ ಗುಡುಗುಟ್ಟಿತೇ ಹೊರತು ಒಮ್ಮೆಯೂ ನಿಲ್ಲಲಿಲ್ಲ. ಕೊನೆಗೆ ಬದಲಾಯಿಸಲು ಉಳಿದದ್ದು ಡ್ರೈವರ್ ಒಬ್ಬಳೇ.

“ಅಮ್ಮಂಗೆ ಹಿಡಿಸಿಲ್ಲಮ್ಮ ಜ್ಯೋತಿ,” ಎಂದರು ಮಾವ ದೊಡ್ಡಪಾಲಯ್ಯ. “ನಿನ್ ಗಂಡ ಓಡಿಸ್ವಾಗ ಒಂದಿನಾನಾದ್ರೂ ನಿಂತಿತ್ತಾ? ಸೋಮವಾರದಿಂದ ಡ್ರೈವರ್ ಯತ್ತಪ್ಪ ಬಂದು ಓಡಿಸ್ತಾನೆ. ಕೀ ಅವನಿಗೆ ಕೊಟ್ಬಿಡು.”

“ಗಾಡೀಲೇ ಏನೋ ದೋಷ ಐತೆ ಮಾವ,” ಎಂದೆ.

ಮೈದುನ ಓಬಳೇಶ ಬಾಗಿಲಿಗೆ ಒರಗಿ ನಕ್ಕ. “ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ!”

ಮೈಯೆಲ್ಲ ಉರಿಯಿತು. ಮಾರಮ್ಮನೂ ಹೆಣ್ಣೇ. ಇನ್ನೊಂದು ಹೆಣ್ಣು ಗಾಡಿ ಓಡಿಸಿದರೆ ಅವಳಿಗೇಕೆ ಹೊಟ್ಟೆಯುರಿ? ಆ ಸೀಟಿನಲ್ಲಿ ಕೂತಾಗ ಮಾತ್ರ ನಾನು ಯಾರ ಸೊಸೆಯೂ ಅಲ್ಲ, ಯಾರ ಅತ್ತಿಗೆಯೂ ಅಲ್ಲ. ಅದನ್ನು ಯತ್ತಪ್ಪನಿಗೆ ಬಿಟ್ಟುಕೊಟ್ಟು ಒಲೆಯ ಮುಂದೆ ಕೂರುವ ಜಾಯಮಾನ ನನ್ನದಲ್ಲ.

ಶನಿವಾರ ಚಳ್ಳಕೆರೆ ಪೇಟೆಯಲ್ಲಿ ಕುರಿಮಂದೆಯೊಂದು ಅಡ್ಡ ಬಂತು. ಕುರಿಯವನು ಫೋನಿನಲ್ಲಿ ಮುಳುಗಿದ್ದ. ನಾನು ಹಾರ್ನನ್ನು ಒತ್ತಿ ಹಿಡಿದೆ. ಮೀಟರಿನ ಮುಳ್ಳು ನಡುಗಿತು, ಎಂಜಿನ್ ನಿಂತಿತು.

ಕುರಿಗಳ ನಡುವೆ ಕೂತು ಯೋಚಿಸಿದೆ. ಮಾರಮ್ಮನ ಕಟ್ಟೆ ಇಲ್ಲಿಂದ ಬಲು ದೂರ. ಬೇರೆ ಕಡೆಯೆಲ್ಲ ನಾನು ಹಾರ್ನನ್ನು ಒಮ್ಮೆ ಒತ್ತಿ ಬಿಡುವುದಷ್ಟೇ. ಇಲ್ಲಿಯೂ ಅಲ್ಲಿಯೂ ಇದ್ದದ್ದು ಉದ್ದನೆಯ ಹಾರ್ನು ಒಂದೇ. ಗ್ಯಾರೇಜಿನಲ್ಲಿ ಅದನ್ನು ಯಾರು ಹೊಡೆಯುತ್ತಾರೆ?

ಮನೆಗೆ ಬಂದು ಬಾನೆಟ್ ಎತ್ತಿದೆ. ಹಾರ್ನಿನ ವೈರನ್ನು ಹಿಡಿದು ಹೋದರೆ ಅದು ಡೀಸೆಲ್ ಪಂಪಿಗೆ ಹೋಗಿ ಮುಟ್ಟಿತು. ಆ ಪಂಪಿನ ಮೇಲೆ ಒಂದು ಸಣ್ಣ ವಾಲ್ವ್ ಇರುತ್ತದೆ. ಕರೆಂಟ್ ಇರುವವರೆಗೆ ಅದು ಡೀಸೆಲ್ ಬಿಡುತ್ತದೆ, ಕರೆಂಟ್ ಸೋತರೆ ಬಾಗಿಲು ಹಾಕುತ್ತದೆ. ಅದರ ವೈರನ್ನೇ ನಡುವೆ ಕತ್ತರಿಸಿ, ಹೊಸೆದು, ಟೇಪು ಸುತ್ತಿ ಹಾರ್ನಿಗೆ ಕರೆಂಟ್ ಎಳೆದಿದ್ದರು. ಟೇಪು ಸುಟ್ಟು ಕರಕಲಾಗಿತ್ತು. ಹಾರ್ನ್ ಒತ್ತಿ ಹಿಡಿದರೆ ಆ ಗಂಟು ಕಾದು, ಕರೆಂಟ್ ಸಾಲದೆ ಎಂಜಿನ್ ಉಪವಾಸ ಬೀಳುತ್ತಿತ್ತು. ಕಾಯಿ ಒಡೆಯುವಷ್ಟರಲ್ಲಿ ಗಂಟು ತಣ್ಣಗಾಗಿರುತ್ತಿತ್ತು.

ಆ ದೊಡ್ಡ ಹಾರ್ನ್ ಹಾಕಿದವನು ಓಬಳೇಶ. ನಾನು ಸ್ಟೇರಿಂಗ್ ಹಿಡಿಯುವ ಹಿಂದಿನ ದಿನ ತಾನೇ ಕೂತು ಹಾಕಿದ್ದ. “ಹೆಂಗ್ಸು ಬರ್ತೈತೆ ಅಂತ ಜನ ದೂರದಿಂದ್ಲೇ ಸರೀಲಿ” ಎಂದು ಓಣಿಯನ್ನೆಲ್ಲ ನಗಿಸಿದ್ದ.

ಭಾನುವಾರ ಹೊಸ ವೈರು, ಫ್ಯೂಸು, ರಿಲೇ ತಂದಿಟ್ಟುಕೊಂಡೆ. ಹಾಕಲಿಲ್ಲ. ಸೋಮವಾರ ಯತ್ತಪ್ಪ ಬರುವ ಮೊದಲೇ ಮಾವನನ್ನೂ ಓಬಳೇಶನನ್ನೂ ಗಾಡಿ ಹತ್ತಿಸಿ, “ಇದೊಂದ್ಸಲ ನೀನೇ ಓಡ್ಸಪ್ಪ, ಅಮ್ಮ ಏನಂತಾಳೋ ನೋಡಾನ,” ಎಂದೆ. ಓಬಳೇಶ ಮೀಸೆ ತೀಡಿ ಕೂತ.

ಕಟ್ಟೆ ಬಂತು. ಓಬಳೇಶ ಜಂಬದಿಂದ ಹಾರ್ನ್ ಒತ್ತಿ ಹಿಡಿದ. ಎಂಜಿನ್ ನಿಂತಿತು.

“ಯಾಕಪ್ಪ, ಅಮ್ಮಂಗೆ ನೀನೂ ಹಿಡಿಸ್ಲಿಲ್ವಾ?” ಎಂದೆ. “ಇಲ್ಲಾ, ನೆಲ ಡೊಂಕೈತಾ?”

ಮಾವ ತೆಂಗಿನಕಾಯಿಗೆ ಕೈ ಹಾಕಿದರು. “ಕಾಯಿ ಬ್ಯಾಡ ಮಾವ, ಆ ಸ್ಪ್ಯಾನರ್ ಕೊಡ್ರಿ,” ಎಂದೆ. ಬಾನೆಟ್ ಎತ್ತಿ ಸುಟ್ಟ ಗಂಟು ತೋರಿಸಿದೆ. ಮಾವ ಅದನ್ನು ನೋಡಿದರು, ಆಮೇಲೆ ಮಗನ ಮುಖ ನೋಡಿದರು. ಓಬಳೇಶ ರಸ್ತೆ ನೋಡುತ್ತ ನಿಂತ. ನಾನು ಆ ಗಂಟನ್ನು ಕತ್ತರಿಸಿ ಎಸೆದು, ಪಂಪಿನ ವೈರನ್ನು ಸರಿಮಾಡಿ, ಹಾರ್ನಿಗೆ ಬ್ಯಾಟರಿಯಿಂದಲೇ ಬೇರೆ ವೈರು ಎಳೆದೆ.

ಆಮೇಲೆ ನನ್ನ ಸೀಟಿನಲ್ಲಿ ನಾನು ಕೂತೆ. ಕೀ ತಿರುಗಿಸಿ, ಗಾಡಿ ಹೊರಡಿಸಿ, ಅಮ್ಮನ ಎದುರಿಗೇ ಹಾರ್ನ್ ಒತ್ತಿ ಹಿಡಿದೆ. ಎಂಜಿನ್ ನಿಲ್ಲಲಿಲ್ಲ. ಅಷ್ಟರಲ್ಲಿ ಮಾವನಿಗೆ ಫೋನು ಬಂತು. ಯತ್ತಪ್ಪ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ.

“ನೀನ್ ಬರೋದು ಬ್ಯಾಡಪ್ಪ,” ಎಂದು ಮಾವ ಕಿರುಚಿದರು. “ಏನು? ಸದ್ದಾ? ಹಾರ್ನು ಕಣೋ! ನನ್ ಸೊಸೆ ಗಾಡಿ ಓಡಿಸ್ತಾ ಅವ್ಳೆ!” ಆಮೇಲೆ ನನ್ನ ಕಡೆ ತಿರುಗಿ ಗದರಿದರು. “ಸಾಕು, ಕೈ ತೆಗಿಯಮ್ಮ!”

ರಾಂಪುರ ಬರುವವರೆಗೂ ನಾನು ಕೈ ತೆಗೆಯಲಿಲ್ಲ.