ಆಟೀನು ಎಕ್ಕ

ಐದನೆಯ ಇಸ್ಪೀಟೆಲೆ ಮೇಜಿಗೆ ಬಿದ್ದಾಗ, ತನ್ನ ಎದೆಬಡಿತ ಪಕ್ಕದವರಿಗೂ ಕೇಳಿಸುತ್ತಿದೆಯೇನೋ ಎಂದು ವಾರಿಜಾಕ್ಷಿಗೆ ಅನ್ನಿಸಿತು. ನಡುವೆ ಹರಡಿದ್ದ ಐದರಲ್ಲಿ ಮೂರು ಆಟೀನು. ಅವಳು ಹೆಬ್ಬೆರಳಿನಿಂದ ಅಂಚೆತ್ತಿ ನೋಡಿಕೊಂಡ ಎರಡೂ ಆಟೀನೇ, ಅದರಲ್ಲೊಂದು ಎಕ್ಕ. ಮೇಜಿನ ಮೇಲೆ ಜೋಡಿ ಎಲೆಯೂ ಇಲ್ಲ; ಐದೂ ಆಟೀನಿನ ಇದನ್ನು ಮೀರಿಸುವ ಕೈ ಈ ಸುತ್ತಿನಲ್ಲಿ ಯಾರ ಬಳಿಯೂ ಇರಲು ಸಾಧ್ಯವಿಲ್ಲ. ಕಡಲಾಚೆಯ ಈ ದೇಶದ ಬಯಾನ್ ಲೆಪಾಸ್‌ನ ಕಾರ್ಖಾನೆಯಲ್ಲಿ ದಿನವಿಡೀ ಕಂಪ್ಯೂಟರ್ ಚಿಪ್‌ಗಳನ್ನು ಪರೀಕ್ಷಿಸುವವಳಿಗೆ ಈ ಲೆಕ್ಕ ಕಷ್ಟದ್ದಲ್ಲ.

ಉಳಿದವರೆಲ್ಲ ಸುತ್ತು ಬಿಟ್ಟುಕೊಟ್ಟು ಎಲೆ ಚೆಲ್ಲಿ ಕೈಕಟ್ಟಿ ಕೂತಿದ್ದರು. ಎದುರಿಗಿದ್ದವರು ರೆಮಿಜಿಯಸ್ ಒಬ್ಬರೇ. ಅವಳು ಮದುವೆಯಾಗಲಿರುವ ರಾಯನ್‌ನ ಅಪ್ಪ, ಶನಿವಾರ ಮಧ್ಯಾಹ್ನವಾದರೆ ಬೆಟ್ಟದ ಮೇಲಿನ ಈ ಕ್ಯಾಸಿನೊದಲ್ಲಿ ಪೋಕರ್‌ಗೆ ಕೂರುವ ಮನುಷ್ಯ. ಮೈಸೂರಿನ ಹಿಂದೂ ಹುಡುಗಿಯನ್ನು ಮದುವೆಯಾಗುತ್ತೇನೆಂದು ಮಗ ಹೇಳಿದಾಗ ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಒಮ್ಮೆ ಟೇಬಲಿಗೆ ಕರ್ಕೊಂಡು ಬಾ, ನೋಡುವ," ಅಂದಿದ್ದರಷ್ಟೆ.

ವಾರವಿಡೀ ಅವಳು ಪರೀಕ್ಷೆಗೆ ಓದಿದ ಹಾಗೆ ಓದಿದ್ದಳು. ಬಾಜಿಯ ಬಿಲ್ಲೆಗಳನ್ನು ಒಂದೇ ಸಲಕ್ಕೆ ಮುಂದಿಡಬೇಕು. ಸರದಿ ಬರುವ ಮೊದಲು ಬಾಯಿ ಬಿಡಬಾರದು. ಆಟದ ನಡುವೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಸಲ್ಲದು.

ರೆಮಿಜಿಯಸ್ ಬೆರಳಿನಿಂದ ಮೇಜು ತಟ್ಟಿದರು. ಬಾಜಿ ಏರಿಸುವುದಿಲ್ಲ ಎಂದರ್ಥ. ಇನ್ನು ಅವಳದೇ ಕೊನೆಯ ಮಾತು. ಮಾವನಾಗಬೇಕಾದವರನ್ನು ಮೊದಲ ದಿನವೇ ಅಷ್ಟು ಜನರೆದುರು ಸುಲಿಯುವುದೇ? ಅವಳೂ ಮೇಜು ತಟ್ಟಿದಳು.

ಎಕ್ಕ ಬಯಲಾಯಿತು. ಎಲೆ ಹಂಚುವ ಹುಡುಗಿಯ ಕೈ ಅಲ್ಲೇ ನಿಂತಿತು.

"ಫ್ಯಾಮಿಲಿ ಆ? ಸೇಮ್ ಪಾಕೆಟ್ ಲಾ!" ಯಾರು ಗೆದ್ದರೂ ದುಡ್ಡು ಒಂದೇ ಜೇಬಿಗೆ ಎಂಬಂತೆ ಪಕ್ಕದ ಚೀನೀ ಮುದುಕ ನಕ್ಕ.

ಮೇಲ್ವಿಚಾರಕ ಬಂದು ತಗ್ಗಿದ ದನಿಯಲ್ಲೇ ಹೇಳಿದ: ಗೆದ್ದೇ ಗೆಲ್ಲುವ ಎಲೆ ಹಿಡಿದೂ ಪರಿಚಯದವರೆಂದು ಬಾಜಿ ಏರಿಸದೆ ಬಿಟ್ಟರೆ ಅದನ್ನಿಲ್ಲಿ ಒಳಸಂಚು ಎನ್ನುತ್ತಾರೆ; ಇನ್ನೊಮ್ಮೆ ಹೀಗಾದರೆ ಇಬ್ಬರೂ ಏಳಬೇಕಾಗುತ್ತದೆ. ರೆಮಿಜಿಯಸ್‌ರ ಕಿವಿ ಕೆಂಪಾಯಿತು. ಅಲ್ಲಿ ಅವರನ್ನು ಅರಿಯದವರಿರಲಿಲ್ಲ. ಎದ್ದು, ರಾಯನ್ ನಿಂತಿದ್ದ ಕಟಕಟೆಯ ಆಚೆಗೆ ಅವಳನ್ನು ಕರೆದರು.

"ಎಂತ ಮಾಡಿದ್ದು ನೀನು?"

"ಸಾರಿ ಅಂಕಲ್. ರೂಲ್ಸ್ ಎಲ್ಲಾ ಓದ್ಕೊಂಡೇ ಬಂದೆ. ನೀವು ದೊಡ್ಡೋರು ಅಂತ... ಕೈ ಬರ್ಲಿಲ್ಲ."

"ದೊಡ್ಡವನಾ? ಇಷ್ಟು ವರ್ಷದಲ್ಲಿ ಒಬ್ಬ ನನ್ನನ್ನು ಕಳ್ಳ ಅಂದವನಿಲ್ಲ ಇಲ್ಲಿ. ನಾಳೆ ನಾನು ಮಾಡಿದ ಮೀನುಸಾರಿಗೆ ಉಪ್ಪು ಜಾಸ್ತಿ ಆದ್ರೂ ಚೆನ್ನಾಗಿದೆ ಅಂಕಲ್ ಅಂತಿಯಾ?"

"ಪಪ್ಪಾ, ಶಿ ಡಸಂಟ್ ಈಟ್ ಫಿಶ್," ಅಂದ ರಾಯನ್.

"ನೀನು ಸುಮ್ಮನಿರು ಮಾರಾಯ." ಮತ್ತೆ ಅವಳತ್ತ ತಿರುಗಿದರು. "ಕೂತ್ಕೊಳ್ಳುದಾದ್ರೆ ಆಡ್ಲಿಕ್ಕೆ ಕೂತ್ಕೊ. ಇಲ್ಲಾಂದ್ರೆ ಕಾಫಿ ಕುಡಿದು ಮನೆಗೆ ಹೋಗುವ."

ಕಾಫಿ ಕುಡಿದು ಹೋಗಿಬಿಟ್ಟರೆ ಎಷ್ಟು ಹಗುರ! ಆದರೆ ಹೋದ ಮೇಲೆ ಇವರ ಮನೆ ಬಾಗಿಲಿಗೆ ಯಾವ ಮುಖ ಹೊತ್ತು ಬರುವುದು? ಅವಳು ಕುರ್ಚಿಗೆ ಮರಳಿದಳು.

ಕೆಲವು ಸುತ್ತುಗಳು ಸಪ್ಪೆಯಾಗಿ ಕಳೆದವು. ಆಮೇಲೊಮ್ಮೆ ರೆಮಿಜಿಯಸ್ ಬಿಲ್ಲೆಗಳ ದೊಡ್ಡ ರಾಶಿಯನ್ನೇ ಮುಂದೆ ತಳ್ಳಿದರು. ಒಬ್ಬೊಬ್ಬರಾಗಿ ಎಲ್ಲರೂ ಎಲೆ ಚೆಲ್ಲಿದರು. ಚೀನೀ ಮುದುಕ ಅವಳ ಮುಖವನ್ನೇ ನೋಡುತ್ತಿದ್ದ, ಹಂಚುವ ಹುಡುಗಿಯೂ. ಈಗ ನಿಜಕ್ಕೂ ಎಲೆ ಚೆಲ್ಲಬೇಕಾಗಿದ್ದರೂ ಯಾರು ನಂಬುತ್ತಾರೆ? ರೆಮಿಜಿಯಸ್ ಅಂತೂ ನಂಬುವುದಿಲ್ಲ. ವಾರಿಜಾಕ್ಷಿ ತನ್ನ ಎಲೆಗಳ ಅಂಚನ್ನು ಮತ್ತೊಮ್ಮೆ ಎತ್ತಿ ನೋಡಿದಳು.

"ರೇಸ್." ಬಾಜಿ ಏರಿಸುವ ಆ ಮಾತಿಗೆ ದನಿ ಒಡೆಯಿತು. ಎರಡೂ ಅಂಗೈಗಳಿಂದ ಬಿಲ್ಲೆಗಳನ್ನೆಲ್ಲ ಒಂದೇ ಸಲಕ್ಕೆ ಗೆರೆಯಾಚೆ ನೂಕಿದಳು.

ರೆಮಿಜಿಯಸ್ ತಮ್ಮ ಎಲೆಗಳನ್ನು ನೋಡಲಿಲ್ಲ, ಅವಳನ್ನೇ ನೋಡಿದರು. ಅವಳು ಕಣ್ಣು ತಗ್ಗಿಸದೆ ಕೂತಳು. ಬಹಳ ಹೊತ್ತಿನ ಮೇಲೆ ಅವರು ಎರಡೂ ಎಲೆಗಳನ್ನು ನಡುವಿಗೆ ಎಸೆದರು.

ಬಿಲ್ಲೆಗಳ ಗುಡ್ಡೆ ಅವಳತ್ತ ಸರಿದು ಬಂತು. ರೆಮಿಜಿಯಸ್ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಕಟಕಟೆಯ ಕಡೆ ಕತ್ತು ತಿರುಗಿಸಿದರು.

"ರಾಯನ್, ಇವಳ ಅಪ್ಪ ಅಮ್ಮನಿಗೆ ಯಾವಾಗ ಬರ್ಲಿಕ್ಕೆ ಆಗ್ತದೆ ಅಂತ ಕೇಳು."

ವಾರಿಜಾಕ್ಷಿ ಬೆವರಿದ ಅಂಗೈಯಡಿ ಇದ್ದ, ಒಂದಕ್ಕೊಂದು ಹೊಂದದ ಎರಡು ಸಣ್ಣ ಎಲೆಗಳನ್ನು ಬೋರಲಾಗಿಯೇ, ಯಾರಿಗೂ ತೋರಿಸದೆ, ಹಂಚುವ ಹುಡುಗಿಯ ಕಡೆ ಮೆಲ್ಲಗೆ ಜಾರಿಸಿದಳು.