ಪಾದ್ರಿಯ ಕೊರಳಪಟ್ಟಿ

ಬಾಲ್‌ಕ್ರೇಗಿಯ ಜನರಿಗೆ ಸಂತರು ಬೇಡವಾಗಿ ನೂರೈವತ್ತು ವರ್ಷವಾಗಿತ್ತು. ಚರ್ಚಿನ ಬಾಗಿಲಲ್ಲಿದ್ದ ಸಂತ ಕೊರ್ಮನ್ನನ ಮೂಗನ್ನು ಅವರ ಮುತ್ತಜ್ಜಂದಿರು ಸುತ್ತಿಗೆಯಿಂದ ಒಡೆದು, ಉಳಿದ ಕಲ್ಲನ್ನು ಕುರಿದೊಡ್ಡಿಗೆ ಮೆಟ್ಟಿಲು ಮಾಡಿಕೊಂಡಿದ್ದರು. ಸಂತನಿಗೆ ಅದರಿಂದ ಬೇಜಾರಾದಂತಿರಲಿಲ್ಲ. ಗುಡ್ಡದಡಿಯ ಅವನ ಒರತೆ ಹರಿಯುತ್ತಲೇ ಇತ್ತು. ಸಂತರನ್ನು ಬೇಡುವುದು ಪಾಪವೆಂದು ಚರ್ಚು ಸಾರಿದ್ದರೂ, ಪಕ್ಕದ ಮುಳ್ಳುಮರಕ್ಕೆ ಜನ ಕದ್ದುಮುಚ್ಚಿ ಚಿಂದಿ ಕಟ್ಟುತ್ತಲೇ ಇದ್ದರು. ಚಿಂದಿಯನ್ನು ಒರತೆಯಲ್ಲಿ ಅದ್ದಿ, ನೋವಿರುವ ಜಾಗ ಒರೆಸಿ, ಮರಕ್ಕೆ ಕಟ್ಟಬೇಕು. ಅದು ಕೊಳೆತ ಹಾಗೆ ಕಾಯಿಲೆ ಬಿಡುತ್ತದೆ. ಕೊಳೆಯುವ ಮೊದಲೇ ಯಾರಾದರೂ ಬಿಚ್ಚಿದರೋ, ಕಾಯಿಲೆ ದಾರಿ ಹುಡುಕಿಕೊಂಡು ಮನೆಗೆ ಬರುತ್ತದೆ.

ಗ್ರಿಜೆಲ್ ಕಟ್ಟಿದ್ದು ಮಗಳು ಎಫಿಯ ಕೆಂಪು ಉಣ್ಣೆಬಟ್ಟೆಯ ಚೂರು. ಗಂಡ ಸತ್ತ ಮೇಲೆ ಅವಳಿಗೆ ಇದ್ದದ್ದು ಆ ಮಗು ಒಂದೇ. ಅದಕ್ಕೆ ಚಳಿಗಾಲವಿಡೀ ಕೆಮ್ಮು. ಉಸಿರೆಳೆದರೆ ಪಕ್ಕೆಲುಬು ಎಣಿಸಬಹುದಿತ್ತು. ಚಿಂದಿ ಕಟ್ಟಿದ ಮೇಲೆ ಹತ್ತು ದಿನ ಮಗು ನೆಮ್ಮದಿಯಾಗಿತ್ತು. ಅಷ್ಟರಲ್ಲಿ ಚರ್ಚಿನ ಹಿರಿಯರಲ್ಲೊಬ್ಬನಾದ ಗಿರಣಿಯ ಪಿಟಿಲ್ಲೊ ಆ ಕೆಂಪನ್ನು ಗುರುತು ಹಿಡಿದು ಪಾದ್ರಿಗೆ ಚಾಡಿ ಹೇಳಿದ. ಒರತೆಯ ಹತ್ತಿರ ಅವನಿಗೇನು ಕೆಲಸವಿತ್ತು ಅಂತ ಯಾರೂ ಕೇಳಲಿಲ್ಲ.

ಗುರುವಾರ ಹಿರಿಯರ ಸಭೆ ಸೇರಿತು. ಪಾದ್ರಿ ಡಲ್ಗಾರ್ನೊ ನಡುವೆ, ಅವರ ಎಡಬಲಕ್ಕೆ ಹುಳಿ ಮಜ್ಜಿಗೆ ಕುಡಿದ ಮುಖದ ಐದು ಮಂದಿ ಹಿರಿಯರು, ಎದುರಿಗೆ ಗ್ರಿಜೆಲ್. ಸಾಕ್ಷಿಗೆಂದು ಆ ಒಂದು ಕೆಂಪು ಚಿಂದಿ ತರಲು ಚರ್ಚಿನ ಆಳಿಗೆ ಹೇಳಿದ್ದರು. ಅವನಿಗೆ ಹೇಳಿದಷ್ಟೇ ಮಾಡಿ ಗೊತ್ತಿಲ್ಲ. ಮರವನ್ನೇ ಬೋಳಿಸಿ, ಗೋಣಿಚೀಲ ತುಂಬಿಸಿ ತಂದು ಮೇಜಿನ ಮೇಲೆ ಸುರಿದ.

"ನಿನ್ನೆಯೆಲ್ಲಾ ಕೂತು ಬಿಚ್ಚಿದೆ, ಅಯ್ನೋರೇ. ಒಂದನ್ನೂ ಬಿಟ್ಟಿಲ್ಲ!"

ಹಿರಿಯರು ರಾಶಿಯ ಮೇಲೆ ಬಗ್ಗಿದರು. ಒಬ್ಬ ಹಿರಿಯನಿಗೆ ಹೆಂಡತಿಯ ಚೌಕಳಿ ಲಂಗ ಕಂಡಿತು. ಇನ್ನೊಬ್ಬನಿಗೆ ತನ್ನದೇ ಕಾಲುಚೀಲ. ಪಿಟಿಲ್ಲೊನ ಹಿಟ್ಟಿನ ಚೀಲದ ಮೂಲೆಯಂತೂ ಗಿರಣಿಯ ಮುದ್ರೆ ಸಮೇತ ಬಂದಿತ್ತು. ರಾಶಿಯ ತುದಿಯಲ್ಲಿ ಒಂದು ಬಿಳಿ ಕೊರಳಪಟ್ಟಿ. ಪಾದ್ರಿಯ ಬಟ್ಟೆ ಒಗೆದು ಗಂಜಿ ಹಾಕುವವಳು ಗ್ರಿಜೆಲ್. ಆ ಅಂಚಿನ ಹೊಲಿಗೆ ಅವಳದೇ. ಮಾರ್ಚಿನಲ್ಲಿ ಪಾದ್ರಿಯ ಗಂಟಲು ಕಟ್ಟಿ, ಮೂರು ಭಾನುವಾರ ಕಪ್ಪೆಯ ಹಾಗೆ ವಟಗುಟ್ಟಿ, ನಾಲ್ಕನೆಯ ಭಾನುವಾರ ಗುಡುಗಿದ್ದರು. ದೇವರ ಕೃಪೆ ಅಂದಿದ್ದರು.

"ತಪ್ಪು ಒಪ್ಕೋತೀಯಾ?" ಅಂದರು ಪಾದ್ರಿ, ರಾಶಿಯ ಕಡೆ ನೋಡದೆ.

"ಕೆಂಪು ನಂದೇ. ಮಿಕ್ಕಿದ್ದು ಯಾರ್ಯಾರದ್ದು ಅಂತಾನೂ ಹೇಳ್ಲಾ?"

"ಬೇಡ!" ಆರೂ ಜನ ಒಟ್ಟಿಗೆ ಕೂಗಿದರು.

"ಚಾಡಿ ಹೇಳೋ ಚಟ ನಂಗಿಲ್ಲ ಬಿಡಿ. ನಿನ್ನೆಯಿಂದ ನನ್ನ ಮಗು ಮತ್ತೆ ಯಾಕೆ ಕೆಮ್ತಿದೆ ಅಂತ ಈಗ ಗೊತ್ತಾಯ್ತು. ಇನ್ನು ಯಾರ್ಯಾರ ಮನೆಗೆ ಏನೇನು ವಾಪಸ್ ಬರತ್ತೋ!"

ಪಿಟಿಲ್ಲೊನ ಕೈ ತಾನಾಗಿ ಮಂಡಿಗೆ ಹೋಯಿತು. ಇನ್ನೊಬ್ಬ ದವಡೆ ಹಿಡಿದುಕೊಂಡ. ಪಾದ್ರಿ ಬಾಯಿ ತೆರೆದರೆ ಗಂಟಲು ಕರಕರ ಅಂದಿತು.

"ಇದೆಲ್ಲಾ... ಬರೀ ಮೂಢನಂಬಿಕೆ," ಅಂದರು ಪಿಸುದನಿಯಲ್ಲಿ.

"ಶುದ್ಧ ಮೂಢನಂಬಿಕೆ," ಅಂದ ಪಿಟಿಲ್ಲೊ ಮಂಡಿ ತಿಕ್ಕುತ್ತ. "ಆದ್ರೂ ಇವತ್ತೇ ಕಟ್ಟಿಸ್ಬಿಡೋದು ವಾಸಿ, ಅಯ್ನೋರೇ."

ಸಭೆ ಒಮ್ಮತದಿಂದ ತೀರ್ಮಾನಿಸಿತು: ಸಾಕ್ಷ್ಯದ ಚಿಂದಿಗಳನ್ನು ಸಿಕ್ಕಿದ ಜಾಗದಲ್ಲೇ, ತಾವಾಗಿ ನಾಶವಾಗುವ ತನಕ, ಜೋಪಾನವಾಗಿ ಇಡತಕ್ಕದ್ದು. ಕಟ್ಟುವವಳು ಗ್ರಿಜೆಲ್. ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ತಪ್ಪಿತಸ್ಥರ ಮುಕ್ಕಾಲಿಯ ಮೇಲೆ ಕೂರುವವಳೂ ಗ್ರಿಜೆಲ್.

"ನಿಮ್ಮ ಚಿಂದಿ ನಾನೇ ಕಟ್ಟಿ, ನಾನೇ ಕೂರ್ಬೇಕಾ?"

"ಯಾರಾದ್ರೂ ಕೂರ್ಲೇಬೇಕಲ್ಲಮ್ಮಾ," ಅಂದರು ಪಾದ್ರಿ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಒರತೆಯ ಬಳಿ ಮೊದಲು ಎಫಿಯ ಕೆಂಪನ್ನು ಮೂರು ಗಂಟು ಹಾಕಿ ಕಟ್ಟಿದಳು. "ಇದೊಂದನ್ನ ನೋಡ್ಕೊಳ್ಳಪ್ಪಾ," ಅಂದು ಅತ್ತಳು. ಮಿಕ್ಕವನ್ನು ಒಂದೊಂದಾಗಿ, ಒಡೆಯರನ್ನು ಬೈಯುತ್ತ ಕಟ್ಟಿದಳು. ಕೊನೆಗೆ ಬಿಳಿ ಪಟ್ಟಿ ಉಳಿಯಿತು. ಅದನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಭಾನುವಾರ ಒರಟು ಬಟ್ಟೆ ಸುತ್ತಿಕೊಂಡು ಮುಕ್ಕಾಲಿಯ ಮೇಲೆ ಕೂತಳು. ಎಫಿಯ ಕೆಮ್ಮು ನಿಂತಿತ್ತು. ಮೂಗು ಸೋರುತ್ತಿತ್ತು ಅಷ್ಟೆ. ಅಮ್ಮನ ಕಾಲ ಬುಡದಲ್ಲಿ ಕೂತಿತ್ತು. ಪಟ್ಟಿ ಮರದ ಮೇಲಿದೆಯೆಂಬ ಧೈರ್ಯದಲ್ಲಿ ಪಾದ್ರಿಯ ಗಂಟಲು ಚಾವಣಿ ನಡುಗಿಸುತ್ತಿತ್ತು.

"ಸತ್ತ ಸಂತನ ಮುಂದೆ ಕೈಯೊಡ್ಡಿದ ಈ ಹೆಂಗಸನ್ನ ನೋಡಿ! ಇಂಥವರಿಗೆ..."

ಗ್ರಿಜೆಲ್ ಬಿಳಿ ಪಟ್ಟಿಯನ್ನು ನಿಧಾನವಾಗಿ ಬಿಡಿಸಿ ಮಗುವಿನ ಮೂಗಿಗೆ ಹಿಡಿದಳು.

"ಜೋರಾಗಿ ಸೀಟು, ಪುಟ್ಟೀ."

ಎಫಿ ಜೋರಾಗಿಯೇ ಸೀಟಿತು. ಪಾದ್ರಿಯ ಬಾಯಿ ತೆರೆದೇ ಇತ್ತು, ದನಿ ಮಾತ್ರ ಬರಲಿಲ್ಲ. ಮೂರು ತಾಸಿನ ಉಪದೇಶ ಅಲ್ಲಿಗೇ ಮುಗಿದು, ಊರವರಿಗೆ ಎಷ್ಟೋ ವರ್ಷಗಳ ಮೇಲೆ ಭಾನುವಾರದ ಊಟಕ್ಕೆ ಬಿಸಿ ಸಾರು ಸಿಕ್ಕಿತು.

ಸೋಮವಾರ ಪಾದ್ರಿ, ಕೊರಳಿಗೆ ಮೂರು ಸುತ್ತು ಉಣ್ಣೆ ಸುತ್ತಿಕೊಂಡು ಅವಳ ಬಾಗಿಲಿಗೆ ಬಂದರು.

"ಗ್ರಿಜೆಲಮ್ಮಾ," ಗಂಟಲಿಂದ ಗಾಳಿ ಮಾತ್ರ ಬಂತು. "ಆ ಪಟ್ಟಿ... ಕಟ್ಬಿಡಮ್ಮಾ."

"ಒಗ್ದು, ಗಂಜಿ ಹಾಕಿಟ್ಟಿದೀನಿ. ತಗೊಳ್ಳಿ," ಅಂತ ಅವಳು ಅದನ್ನು ಅವರ ಕೈಯಲ್ಲಿಟ್ಟಳು. "ನೀವೇ ಹೋಗಿ ಕಟ್ಕೊಂಡು ಬನ್ನಿ, ಅಯ್ನೋರೇ. ಯಾರಾದ್ರೂ ನೋಡಿದ್ರೂ ಹೆದರ್ಬೇಡಿ. ಮುಕ್ಕಾಲಿ ಇನ್ನೂ ಬೆಚ್ಚಗಿದೆ."