ಸೆಲ್ವರಾಜನ ದನಿ

ಪುಟ್ಟಣ್ಣನವರು ಊಟ ಬಿಟ್ಟಿದ್ದಾರೆ ಎಂದು ಗೆಳತಿ ವಿನೋದಿನಿ ಫೋನ್ ಮಾಡಿದಾಗ ನಾನು ಟಾಲಾದಲ್ಲಿ ಲುವಾಸ್ ಟ್ರಾಮಿಗೆ ಕಾಯುತ್ತಿದ್ದೆ.

“ಡಯಟ್ಟಾ?” ಎಂದೆ.

“ತಮಾಷೆ ಬೇಡ ಕಣೋ ಮಯೂರ್.” ಮೂಗು ಕಟ್ಟಿದ ದನಿ. ಅತ್ತಿದ್ದಳು. “ಆಪರೇಶನ್ ಆದಾಗಿಂದ ಒಂದು ತುತ್ತೂ ಮುಟ್ಟಿಲ್ಲ. ತಟ್ಟೆ ಇಟ್ರೆ ‘ಐಕ್ಳು ಉಂಡ್ರಾ?’ ಅಂತಾರೆ. ಉಂಡ್ರಪ್ಪ ಅಂದ್ರೆ ನಂಬಲ್ಲ. ಗಿನತಿ ಆಗ್ಬೇಕಂತೆ. ನಾಳೆ ಮೂಗಿಗೆ ಟ್ಯೂಬ್ ಹಾಕ್ತಾರೆ, ಅಪ್ಪ ಅದನ್ನ ಕಿತ್ತೆಸೀತಾರೆ. ನಿನ್ನ ಕೋತಿವಿದ್ಯೆ ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ. ಬಾ.”

ಕೋತಿವಿದ್ಯೆ ಎಂದರೆ ನನ್ನ ಮಿಮಿಕ್ರಿ. ಹಗಲು ಸಾಫ್ಟ್‌ವೇರ್, ಯುಗಾದಿಗೂ ರಾಜ್ಯೋತ್ಸವಕ್ಕೂ ಕನ್ನಡ ಸಂಘದ ವೇದಿಕೆಯ ಮೇಲೆ ಊರವರೆಲ್ಲರ ಗಂಟಲು.

ಪುಟ್ಟಣ್ಣ ಅವಳ ತಂದೆ, ಪದಾತಿದಳದ ನಿವೃತ್ತ ಹವಲ್ದಾರ್. ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಮದ್ದೂರಿನಿಂದ ಐರ್ಲೆಂಡಿಗೆ ಬಂದವರು. ನಾನು ಮೊದಲ ದಿನ ಅಂಕಲ್ ಎಂದಾಗ, “ಹೆಸರಲ್ಲೇ ಅಣ್ಣ ಅವ್ನೆ, ಮ್ಯಾಲೆ ಅಂಕಲ್ ಯಾಕ್ಲಾ?” ಎಂದು ಬಾಯಿ ಮುಚ್ಚಿಸಿದ್ದರು. “ಅಲ್ಲಿ ಸಿಪಾಯಿ, ಇಲ್ಲಿ ಸಿಪ್ಪು ಚಾಯಿ” ಎಂದು ತಮ್ಮನ್ನೇ ಗೇಲಿ ಮಾಡಿಕೊಂಡು ಕಿಟಕಿಯ ಬಳಿ ಕೂತು ಟೀ ಕುಡಿಯುತ್ತಿದ್ದರು. ಶ್ರೀಲಂಕಾಕ್ಕೆ ಶಾಂತಿ ಕಾಯಲು ಹೋಗಿ ಯುದ್ಧ ಮಾಡಿ ಬಂದವರು. “ಶಾಂತಿಪಡೆ ಅಂತ ಹೆಸ್ರು. ಶಾಂತಿ ಅನ್ನೋಳ ಮುಖಾನೇ ನಾವ್ಯಾರೂ ನೋಡ್ನಿಲ್ಲ” ಎನ್ನುತ್ತಿದ್ದರು.

ಭಾನುವಾರ ಅವರ ಮನೆಯಲ್ಲಿ ಮುದ್ದೆ ನುಂಗಿದ ಮೇಲೆ ಆ ಪಡೆಯ ಹುಡುಗರು ಮಾತಿನಲ್ಲೇ ಒಬ್ಬೊಬ್ಬರಾಗಿ ಸೋಫಾದ ಮೇಲೆ ಬಂದು ಕೂರುತ್ತಿದ್ದರು. ಗದಗಿನ ಈರಪ್ಪ, ಕೊಟ್ಟಾಯಂನ ವರ್ಗೀಸ್, ಶ್ರೀಕಾಕುಳಂನ ಅಪ್ಪಲರಾಜು. ಪುಟ್ಟಣ್ಣ ಆ ಹುಡುಗರಂತೆ ಮಾತಾಡಿ ತೋರಿಸುತ್ತಿದ್ದರು, ನಾನು ಕಲಿತು ಒಪ್ಪಿಸುತ್ತಿದ್ದೆ. “ಈರಪ್ಪ ಹಂಗ್ ಅನ್ನಾಕಿಲ್ಲ. ಒಸಿ ಮೂಗಿಂದ ಅನ್ನು” ಎಂದು ತಿದ್ದುತ್ತಿದ್ದರು. ಈರಪ್ಪ, ವರ್ಗೀಸ್ ಅಲ್ಲೇ ಜಾಫ್ನಾದ ಹತ್ತಿರ ಸತ್ತವರು; ಅಪ್ಪಲರಾಜು ಊರು ಸೇರಿ ಆಮೇಲೆ ತೀರಿಕೊಂಡನಂತೆ. ಸತ್ತವರ ದನಿ ತೆಗೆದು ನಗಲು ಪುಟ್ಟಣ್ಣನಿಗೆ ಅಡ್ಡಿಯಿರಲಿಲ್ಲ. ಮೊದಲಿಬ್ಬರ ಹೆಣವನ್ನು ತಾವೇ ಹೊತ್ತಿದ್ದರು, ಬೆಂಕಿಯನ್ನೋ ಮಣ್ಣನ್ನೋ ಕಣ್ಣಾರೆ ಕಂಡಿದ್ದರು.

ಇನ್ನೊಬ್ಬನಿದ್ದ, ಸೆಲ್ವರಾಜ್. ಅವನ ಹೆಸರು ಮಾತಿನ ನಡುವೆ ಬಂದು ಹೋಗುತ್ತಿತ್ತು, ದನಿ ಬರುತ್ತಿರಲಿಲ್ಲ. ಒಮ್ಮೆ ಕೇಳಿದೆ.

“ಅವ್ನು ಮಾತು ಕಮ್ಮಿ” ಎಂದು ಎದ್ದು ಹೋಗಿ ಕೆಟಲ್ ಹಚ್ಚಿದರು.

ಆ ಫೋನಿನ ಹಿಂದಿನ ವಾರ ಕಸದ ಬಿನ್ನನ್ನು ರಸ್ತೆಗೆ ತಳ್ಳುವಾಗ ಇಬ್ಬನಿ ಹೆಪ್ಪುಗಟ್ಟಿದ ಡ್ರೈವ್‌ವೇಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಹೀಗೆ ವಾರ್ ನೋಡಿದವರು ವಾರ್ಡು ಸೇರಿದರು.

ವಿನೋದಿನಿ ಆಸ್ಪತ್ರೆಯ ಲಿಫ್ಟಿನ ಬಳಿ ಕಾಯುತ್ತಿದ್ದಳು. ಅವಳೂ ಡಾಕ್ಟರೇ, ಡ್ರೋಹೆಡಾ ಊರಿನ ಆಸ್ಪತ್ರೆಯಲ್ಲಿ. ಆದರೆ ಆವತ್ತು ಕೋಟಿಲ್ಲದೆ, ಬಾಚದ ತಲೆಯಲ್ಲಿ ನಿಂತಿದ್ದಳು.

“ಅನಸ್ತೀಸಿಯಾ ಆದ್ಮೇಲೆ ಕೆಲವರಿಗೆ ಹಿಂಗಾಗತ್ತೆ. ಮಂಪರು ಇಳಿಯತ್ತೆ. ಅಲ್ಲೀವರ್ಗೂ ತಿನ್ಬೇಕಲ್ಲ. ಅಪ್ಪನ ಲೆಕ್ಕದಲ್ಲಿ ಇದು ಇನ್ನೂ ಜಾಫ್ನಾ. ಆಗ ಅವರು ಸೆಕ್ಷನ್ ಕಮಾಂಡರ್. ಹುಡುಗರೆಲ್ಲ ಉಂಡ ಮೇಲೇ ಕಮಾಂಡರ್ ಉಣ್ಣೋದು. ಕತ್ತಲಾಗೋ ಮುಂಚೆ ಹೆಸರು ಕೂಗಿ ತಲೆ ಎಣಿಸ್ಬೇಕು, ಅದೇ ಗಿನತಿ. ನೀನು ಹಾಜರ್ ಅಂದ್ಬಿಡು, ಸಾಕು.”

“ಎಲ್ಲರದ್ದೂ?”

“ಸೆಲ್ವರಾಜ್ ಅಂದಾಗ ಸುಮ್ನಿರು. ಅವನು ಕಾಣೆಯಾದ ದಿನ ವೈರ್‌ಲೆಸ್ ಬ್ಯಾಟ್ರಿ ಸತ್ತೋಗಿತ್ತಂತೆ. ಪಕ್ಕದ ಪ್ಲಟೂನಿಗೆ ಸುದ್ದಿ ಮುಟ್ಟಿಸ್ಬೇಕಿತ್ತು. ನಂಗೆ ತಮಿಳು ಬರುತ್ತೆ, ದಾರಿ ಕೇಳ್ಕೊಂಡು ಹೋಗ್ತೀನಿ, ಊಟ ಎತ್ತಿಟ್ಟಿರಿ ಅಂತ ಹೊರಟನಂತೆ. ತಾಳೆಮರದ ಓಣಿ ತಿರುಗಿದ್ದಷ್ಟೇ. ಹೆಣಾನೂ ಸಿಗ್ಲಿಲ್ಲ. ಅವನ ತಟ್ಟೆಗೆ ಅಪ್ಪ ಹೆಲ್ಮೆಟ್ ಬೋರಲಾಕಿ ಕಾದಿದ್ರಂತೆ, ಬೆಳಿಗ್ಗೆ ನೋಡಿದ್ರೆ ಇರುವೆ. ಅಮ್ಮ ಹೇಳಿದ್ದು ಇದು. ನಿದ್ದೇಲಿ ಅಪ್ಪ ಗಿನತಿ ಕೂಗೋವಾಗ ಅವನ ಹೆಸರು ಬಂದ್ರೆ, ‘ಸುದ್ದಿಗೆ ಹೋಗವ್ನೆ’ ಅಂತ ತಾವೇ ಹೇಳ್ಕೊಂಡು ಮುಂದಕ್ಕೆ ಹೋಗ್ತಾರೆ. ಇವತ್ತೂ ಹಂಗೇ ಅಂತಾರೆ.”

ಡಿಸೆಂಬರ್. ನಾಲ್ಕು ಗಂಟೆಗೇ ಕಿಟಕಿಯಾಚೆ ಬೆಳಕು ಆರುತ್ತಿತ್ತು. ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ನರ್ಸ್ ಓರ್ಲಾ ಟ್ರೇ ಇಟ್ಟು ಹೊರಬಂದು, “ಹೀಸ್ ಗ್ರ್ಯಾಂಡ್ ಅದರ್‌ವೈಸ್, ಲವ್” ಎಂದು, ಊಟವೊಂದು ಬಿಟ್ಟರೆ ಆರಾಮಾಗಿದ್ದಾರೆ ಎಂಬಂತೆ ನನ್ನ ತೋಳು ತಟ್ಟಿ ಹೋದಳು. ವಿನೋದಿನಿ ಒಳಗೆ ಅಪ್ಪನ ಪಕ್ಕ ಕೂತಳು. ನಾನು ಪರದೆಯ ಹೊರಗೆ ನಿಂತೆ.

“ಅಪ್ಪ, ಎಲ್ಲಾ ಬಂದಿದಾರೆ. ಕೂಗಿ.”

ಕೆಮ್ಮಿ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಆ ಬಡಕಲು ಎದೆಯಿಂದ ಬಂದೀತೆಂದು ನಾನೆಣಿಸದಿದ್ದ ಗಡಸು ದನಿ: “ಈರಪ್ಪ.”

ಮೂಗಿನಿಂದ ಅಂದೆ: “ಹಾಜರ್ ರೀ. ಹೊಟ್ಟಿ ತಾಳ ಹಾಕಾಕತ್ತೈತ್ರಿ.”

“ನಿಂದು ಯಾವಾಗ್ಲೂ ಅದೇ ಗೋಳು. ವರ್ಗೀಸ್.”

“ಹಾಜರ್ ಸಾರೇ. ಚಾಯ ಉಂಡೋ?”

“ಚಾ ಉಣ್ಣಾದಲ್ಲ ಕಣ್ಲಾ, ಕುಡಿಯಾದು. ಎಷ್ಟು ಸತಿ ಹೇಳಾದು ನಿಂಗೆ.” ನಗು ಕೇಳಿಸಿತು. ವಿನೋದಿನಿಯೂ ನಕ್ಕಳು. “ಅಪ್ಪಲರಾಜು.”

ಅವನು ಯಾವಾಗಲೂ ತಡವಾಗಿ ಓಗೊಡುವವನು. ಕಾಯಿಸಿ, ಆಕಳಿಸುತ್ತ ಅಂದೆ: “ವಚ್ಚೇಸಾನಂಡೀ.”

“ಬಂದ್ಯಾ? ಬಾ, ರಾಜ. ಸೆಲ್ವರಾಜ್.”

ನಾನು ಸುಮ್ಮನಿದ್ದೆ. ‘ಸುದ್ದಿಗೆ ಹೋಗವ್ನೆ’ ಎಂಬುದು ಬರಲಿಲ್ಲ.

“ಸೆಲ್ವರಾಜ್.”

ಪಕ್ಕದ ಹಾಸಿಗೆಯ ಐರಿಶ್ ಮುದುಕ ಟಿವಿಯ ಸದ್ದು ಇಳಿಸಿದ.

“ಅವನು ಸುದ್ದಿಗೆ ಹೋಗಿದಾನಪ್ಪ” ಎಂದಳು ವಿನೋದಿನಿ. “ನೀವು ಊಟ ಮಾಡಿ.”

“ಅವ್ನು ಬರ್ದೆ ನಾನ್ ಹೆಂಗವ್ವಾ ಉಣ್ಣಾದು?” ಟ್ರೇಯನ್ನು ಅತ್ತ ನೂಕಿದ ಸದ್ದು. “ಸೆಲ್ವರಾಜ್.” ಈ ಸಲ ಗಡಸಿರಲಿಲ್ಲ. ಕತ್ತಲಾದರೂ ಮನೆಗೆ ಬಾರದ ಮಗುವನ್ನು ಬಾಗಿಲಲ್ಲಿ ನಿಂತು ಕರೆಯುವಂತಿತ್ತು.

ನನಗೆ ತಡೆಯಲಾಗಲಿಲ್ಲ. ಕೇಳಿಯೇ ಇರದ ಗಂಟಲೊಂದನ್ನು ನಿಂತಲ್ಲೇ ಕಟ್ಟಿದೆ. ಸ್ವಲ್ಪ ತೆಳು, ಸ್ವಲ್ಪ ನಾಚಿಕೆ, ಕೊನೆಯಲ್ಲಿ ತಮಿಳಿನ ಎಳೆತ.

“ಹಾಜರ್, ಅಣ್ಣೇ.”

ಪರದೆಯ ಸಂದಿಯಿಂದ ವಿನೋದಿನಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಯಾವ ವೇದಿಕೆಯ ಮೇಲಿಂದಲೂ ಕಂಡಿಲ್ಲ.

“ಸುದ್ದಿ ಮುಟ್ಟಿಸ್ದಾ?” ಪುಟ್ಟಣ್ಣ ಕೇಳಿದರು.

“ಮುಟ್ಟಿಸ್ದೆ ಅಣ್ಣೇ.”

“ಇಷ್ಟ್ ದಿನ ಎಲ್ಲಿದ್ದಲಾ?”

ಅವರೇ ಮುಂದುವರಿದರು. “ಬಾ, ಮುಂದಕ್ ಬಾ. ಮಖ ನೋಡಾನ.”

ನನ್ನ ವಿದ್ಯೆಗೆ ಗಂಟಲಿದೆ, ಮುಖವಿಲ್ಲ. ಪರದೆ ಸರಿಸಿದರೆ ಅಲ್ಲಿ ನಿಂತಿರುವವನು ಟಾಲಾದ ಮಯೂರ್, ಕೊರಳಲ್ಲಿ ಆಫೀಸಿನ ಐಡಿ ಕಾರ್ಡು. ಹಾಸಿಗೆಯ ಕಂಬಿ ಕಿರುಗುಟ್ಟಿತು. ಕಂಬಿ ಹಿಡಿದು ಏಳಲು ನೋಡುತ್ತಿದ್ದರು. “ಅಪ್ಪ ಬೇಡ, ಸೊಂಟ” ಎಂದು ವಿನೋದಿನಿ ತಡೆಯುತ್ತಿದ್ದಳು. “ಬುಡವ್ವಾ, ನನ್ ಹುಡ್ಗ ಬಂದವ್ನೆ” ಎನ್ನುತ್ತಿದ್ದರು.

“ಬರೋಕಾಗಲ್ಲ ಅಣ್ಣೇ” ಎಂದೆ. “ಅವತ್ತೇ ಹೋಗ್ಬಿಟ್ಟೆ ನಾನು. ಆ ಓಣೀಲೇ. ಇನ್ನು ನನ್ನ ಹೆಸರು ಕೂಗ್ಬೇಡಿ.”

ಅವರು ಮತ್ತೆ ದಿಂಬಿಗೆ ಒರಗಿದ ಸದ್ದಾಯಿತು. ಆಮೇಲೆ ಕೇಳಿದರು:

“ನೋವಾಯ್ತೇನ್ಲಾ?”

“ಇಲ್ಲ ಅಣ್ಣೇ.”

ಮತ್ತೆ ಪರದೆಯೊಳಗಿಂದ ಬಂದದ್ದು ಮಾತಲ್ಲ. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಅಳುತ್ತಾರಲ್ಲ, ರಾಗ ಎಳೆದು, ಹೆಸರಿಟ್ಟು, ಹಾಗೆ ಅತ್ತರು ಹವಲ್ದಾರ್ ಪುಟ್ಟಣ್ಣ. ಓರ್ಲಾ ಓಡಿಬಂದಳು. ವಿನೋದಿನಿ ಕೈಯೆತ್ತಿ ಅವಳನ್ನು ನಿಲ್ಲಿಸಿದಳು.

ಅಳು ಇಳಿದ ಮೇಲೆ, “ತಲೆಗೆ ನೀರ್ ಹಾಕವ್ವಾ” ಎಂದರು. “ಸಾವು ಕೇಳೀವ್ನಿ. ಮೈ ತೊಳೀದೆ ಹೆಂಗ್ ಉಣ್ಣಾದು?”

ವಿನೋದಿನಿ ಓರ್ಲಾಳಿಗೆ ಏನು ಹೇಳಿದಳೋ, ಆಕೆ ಒಂದು ಬೇಸಿನ್ ತಂದಳು. “ತಣ್ಣೀರು” ಎಂದು ಅಪ್ಪ, “ಬಿಸಿನೀರು, ನ್ಯುಮೋನಿಯಾ ಆಗತ್ತೆ” ಎಂದು ಮಗಳು, ಅಷ್ಟು ಹೊತ್ತಿನಲ್ಲೂ ಜಗಳವಾಡಿದರು. ಕಡೆಗೆ ಪ್ಲಾಸ್ಟಿಕ್ ಲೋಟದಿಂದ ಅವಳು ತಲೆಗೆ ನೀರು ಸುರಿದಳು. ತಲೆ ಒರೆಸಿಸಿಕೊಂಡು ಪುಟ್ಟಣ್ಣ ಆರಿಹೋಗಿದ್ದ ಆಲೂಗಡ್ಡೆಯನ್ನು ಚಮಚದಲ್ಲಿ ಮುರಿದು ತಿಂದರು. ತಟ್ಟೆ ಖಾಲಿಯಾಗುವವರೆಗೂ ತಿಂದರು.

ಆ ವಾರದಲ್ಲೇ ಮಂಪರು ಇಳಿಯಿತು, ಟ್ಯೂಬಿನ ಮಾತು ಮತ್ತೆ ಬರಲಿಲ್ಲ. ಕ್ರಿಸ್‌ಮಸ್ಸಿಗೆ ಮುಂಚೆ ಮನೆಗೆ ಕಳಿಸಿದರು. ನಾನು ನೋಡಲು ಹೋದ ಭಾನುವಾರ ವಾಕರ್ ಪಕ್ಕಕ್ಕಿಟ್ಟುಕೊಂಡು ಕಿಟಕಿಯ ಬಳಿ ಕೂತಿದ್ದರು. ವಿನೋದಿನಿ ಅಡುಗೆಮನೆಯಲ್ಲಿದ್ದಳು.

“ಅವತ್ತು ನೀನೇ ಅಲ್ವೇನ್ಲಾ?” ಎಂದರು.

ಹೌದೆಂದು ತಲೆಯಾಡಿಸಿದೆ.

“ಬಯ್ಯಾಕಿಲ್ಲ, ಕೂತ್ಕೊ. ಯಾರೋ ಒಬ್ರು ಹೇಳ್ಬೇಕಿತ್ತು. ಸರ್ಕಾರ ಹೇಳ್ತು, ನಾನ್ ಕೇಳ್ನಿಲ್ಲ. ಅವ್ನೇ ಹೇಳ್ಬೇಕಿತ್ತು.” ಹೊರಗೆ ನೋಡಿದರು. “ಆದ್ರೆ ಅವ್ನ ದನಿ ಹಂಗಿರ್ನಿಲ್ಲ ಕಣ್ಲಾ.”

“ಹೆಂಗಿತ್ತು ಪುಟ್ಟಣ್ಣ? ಹೇಳಿಕೊಡಿ. ತಿದ್ಕೋತೀನಿ.”

ಇಷ್ಟು ವರ್ಷ ಯಾರಿಗೂ ಕೇಳಿಸದ ದನಿ. ಕೊಡಲೋ ಬೇಡವೋ ಎಂಬಂತೆ ನನ್ನನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು ಅಂದರು:

“ಹಾಜರ್, ಅಣ್ಣೇ.”

ತೆಳುವಾಗಿತ್ತು, ಸ್ವಲ್ಪ ನಾಚಿಕೆಯಿತ್ತು, ಕೊನೆಯಲ್ಲಿ ಎಳೆತವಿತ್ತು. ನಾನು ಪರದೆಯ ಹಿಂದೆ ನಿಂತು ಕಟ್ಟಿದ ದನಿ.

ಅವರು ಕಣ್ಣು ತೆರೆದರು. “ಅಲ್ಲ” ಎಂದರು. “ತಡಿ.”

ಮತ್ತೆ ಅಂದರು. ಮತ್ತೆ ನನ್ನದೇ ಬಂತು. ಹಣೆ ಉಜ್ಜಿಕೊಂಡು, ಬೆರಳಿನಿಂದ ತೊಡೆಯ ಮೇಲೆ ಏನೋ ತಟ್ಟುತ್ತ, ದೂರದ ಸದ್ದಿಗೆ ಕಿವಿಗೊಟ್ಟವರಂತೆ ಕತ್ತು ವಾಲಿಸಿ ಕೂತರು. ಒಳಗಿನಿಂದ ವಿನೋದಿನಿ, “ಊಟ ಆಯ್ತು, ಬನ್ನಿ” ಎಂದಳು. ಇನ್ನೊಮ್ಮೆ ಬಾಯಿ ತೆರೆದರು. ದನಿ ಹೊರಡಿಸದೆ ಹಾಗೇ ಮುಚ್ಚಿದರು.